ಇಳಿಯಲು ಬಾರದ ಸೂಜಿಯಕ್ಕನ ಸೈಕಲ್ ಸವಾರಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಈಗಿಂದೀಗಲೇ ಉದುರಿ ನಿಮ್ಮ ಟೀ ಲೋಟದೊಳಗೆ ಬೀಳಲಿ. ಬೇಕಾದರೆ ಎಳೆದು ನೋಡಿ. ಗಟ್ಟಿಯಾಗಿದೆ ಅಲ್ಲವೇ? ಕಥೆಯೂ ಅಷ್ಟೇ ಗಟ್ಟಿ.

ಆ ಕಣಿವೆಯ ನದಿಯಷ್ಟು ಸೋಮಾರಿ ನದಿಯನ್ನು ನೀವು ಕಂಡಿರಲಿಕ್ಕಿಲ್ಲ. ಮೇಲಿನೂರಿನಲ್ಲಿ ಒಂದು ಹಸಿರು ಎಲೆ ನೀರಿಗೆ ಬಿದ್ದರೆ ಅದು ಕೆಳಗಿನ ಪೇಟೆ ಮುಟ್ಟುವಷ್ಟರಲ್ಲಿ ಹಣ್ಣಾಗಿ, ಒಣಗಿ, ತಾನು ಎಲ್ಲಿಗೆ ಹೊರಟಿದ್ದೆ ಎನ್ನುವುದನ್ನೇ ಮರೆತಿರುತ್ತಿತ್ತು. ನದಿಯ ಪಕ್ಕಕ್ಕೇ, ಅದರ ಕೈ ಹಿಡಿದುಕೊಂಡ ಹಾಗೆ, ಸಣ್ಣ ಜಲ್ಲಿ ಹಾಸಿದ ದಾರಿ. ಏರೂ ಇಲ್ಲ, ಇಳಿಜಾರೂ ಇಲ್ಲ. ಒಂದು ಗೋಲಿ ತಂದು ಆ ದಾರಿಯ ಮೇಲಿಟ್ಟರೆ, ಉರುಳಲೋ ಬೇಡವೋ ಎಂದು ಗೋಲಿ ಸ್ವಲ್ಪ ಹೊತ್ತು ಕೂತು ಯೋಚನೆ ಮಾಡುತ್ತಿತ್ತು. ರಜೆ ಬಂತೆಂದರೆ ಪೇಟೆಯಿಂದ ಬಣ್ಣಬಣ್ಣದ ಬಿಗಿ ಬಟ್ಟೆ ತೊಟ್ಟು, ತಲೆಗೆ ಹೆಲ್ಮೆಟ್ಟು ಬಿಗಿದುಕೊಂಡ ಸೈಕಲ್ಲಿನವರು ಈ ದಾರಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಚಕ್ರದಡಿ ಜಲ್ಲಿ ಚರಚರ ಎನ್ನುತ್ತಿದ್ದರೆ ವಾರವಿಡೀ ತಲೆಯಲ್ಲಿ ಗುಂಯ್‌ಗುಟ್ಟಿದ್ದೆಲ್ಲ ಅಡಗುತ್ತದಂತೆ. ಅಡಗುತ್ತದೆ. ಅದರಲ್ಲಿ ನನ್ನದೇನೂ ತಕರಾರಿಲ್ಲ.

ಮೇಲಿನೂರಿನಲ್ಲಿ ಸೂಜಿಯಕ್ಕ ಎಂಬ ದರ್ಜಿ ಇದ್ದಳು. ಬಾಯಲ್ಲಿ ಸದಾ ಒಂದು ಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳಾದ್ದರಿಂದ ಆ ಹೆಸರು. ಗಂಡ ಬ್ರೆಡ್ಡು ಸುಡುವ ಭಟ್ಟಿಯವನು. ಇವಳು ಎಡಗೈಯವಳು, ಎಡಗೈಯಲ್ಲೇ ಬಟ್ಟೆ ಕತ್ತರಿಸುತ್ತಿದ್ದಳು. ಅವಳು ಕತ್ತರಿಸಿದರೆ ಬಟ್ಟೆಗೆ ತಾನು ಎರಡಾಗಿದ್ದು ಗೊತ್ತೇ ಆಗುತ್ತಿರಲಿಲ್ಲ ಎಂದು ಊರವರು ಹೇಳುತ್ತಿದ್ದರು.

ಈ ಎಡಗೈಯೇ ಅವಳಿಗೆ ಒಂದು ಕಾಲಕ್ಕೆ ಶತ್ರುವಾಗಿತ್ತು. ಹುಡುಗಿಯಾಗಿದ್ದಾಗ ಕೆಲಸ ಕಲಿಯಲು ಹೋದ ಅಂಗಡಿಯಲ್ಲೆಲ್ಲ ಅವಳನ್ನು ವಾಪಸ್ಸು ಕಳಿಸಿದ್ದರು. ದರ್ಜಿಯ ಕತ್ತರಿ ಮಾಡಿರುವುದೇ ಬಲಗೈಗೆ. ಎಡಗೈಯಲ್ಲಿ ಹಿಡಿದರೆ ಬಟ್ಟೆಯನ್ನು ಕತ್ತರಿಸುವುದಿಲ್ಲ, ಕಚ್ಚಿ ಎಳೆಯುತ್ತದೆ. ಕೊನೆಗೆ ಕೆಳಗಿನ ಪೇಟೆಯ ದರ್ಜಿ ಕತ್ತರಿಯಮ್ಮ ಮಾತ್ರ, "ಬಾ ಒಳಗೆ, ಹೊಸಿಲ ಮೇಲೆ ನಿಂತ್ರೆ ಗಿರಾಕಿ ಹೇಗೆ ಬರ್ಬೇಕು?" ಎಂದಿದ್ದರು. ವಾರದೊಳಗೆ ಮೇಜಿನ ಮೇಲೆ ಒಂದು ವಿಚಿತ್ರ ಕತ್ತರಿ ಬಂದು ಕೂತಿತ್ತು. ಎಲ್ಲ ಉಲ್ಟಾ, ಕನ್ನಡಿಯಲ್ಲಿ ನೋಡಿದ ಹಾಗೆ. "ಕಾರ್ಖಾನೆಯವರು ತಪ್ಪು ಕಳಿಸಿದ್ದಾರೆ. ನಂಗಂತೂ ಉಪಯೋಗ ಇಲ್ಲ, ಬೇಕಿದ್ರೆ ನೀನಿಟ್ಕೋ," ಎಂದಿದ್ದರು ಕತ್ತರಿಯಮ್ಮ. ಅದೇ ಕತ್ತರಿಯಿಂದ ಸೂಜಿಯಕ್ಕ ಕೆಲಸ ಕಲಿತಳು, ಮದುವೆಯಾದಳು, ಮೇಲಿನೂರಿನಲ್ಲಿ ಸ್ವಂತ ಅಂಗಡಿ ಹಾಕಿದಳು.

ಇಷ್ಟು ವರ್ಷ ಕಳೆದ ಮೇಲೆ ಒಂದು ದಿನ ಸಾಣೆ ಹಿಡಿಯುವವನು ಬಂದ. ಕತ್ತರಿ ಕೈಗೆ ತೆಗೆದುಕೊಂಡವನೇ ನಕ್ಕ.

"ಅಕ್ಕಾ, ಇದು ನಮ್ಮಪ್ಪ ಕುಲುಮೇಲಿ ಬಡಿದು ಮಾಡಿದ ಕತ್ತರಿ! ಕೆಳಗಿನ ಪೇಟೆ ಕತ್ತರಿಯಮ್ಮ ಎದುರಿಗೇ ಕೂತು ಮಾಡಿಸಿದ್ದು. ಎರಡು ಸಲ ಕೆಡ್ತು, ಮೂರನೇ ಸಲ ಕೂಡಿ ಬಂತು. ಯಾರೋ ಎಡಗೈ ಹುಡುಗಿಗಂತೆ. ಅವಳಿಗೆ ಹೇಳ್ಬೇಡ, ಸಂಕೋಚ ಪಡ್ತಾಳೆ ಅಂದಿದ್ರಂತೆ."

ಸೂಜಿಯಕ್ಕನ ಬಾಯಲ್ಲಿದ್ದ ಸೂಜಿ ಕೆಳಗೆ ಬಿತ್ತು. ಹಾಗೆ ಬಿದ್ದದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಅವತ್ತಿನಿಂದ ಅವಳ ಎದೆಯಲ್ಲಿ ಒಂದು ಮಾತು ಕೂತಿತ್ತು. ಹೋಗಿ ಕತ್ತರಿಯಮ್ಮನ ಎದುರು ನಿಂತು ಹೇಳಬೇಕು. ಫೋನಿನಲ್ಲಿ ಆಗದು, ಕತ್ತರಿಯಮ್ಮ ಫೋನೆತ್ತಿದರೆ ಅಳತೆ ಎಷ್ಟು ಎಂಬುದನ್ನು ಬಿಟ್ಟು ಬೇರೇನೂ ಕಿವಿಗೆ ಹಾಕಿಕೊಳ್ಳುವವರಲ್ಲ. ನಾಳೆ ಹೋಗುತ್ತೇನೆ, ಈ ಕೋಟು ಮುಗಿಸಿ ಹೋಗುತ್ತೇನೆ, ಈ ಗುಂಡಿಯ ಕಾಜಾ ಹಾಕಿ ಹೋಗುತ್ತೇನೆ ಎಂದು ದಿನ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಸೇತುವೆ ರಿಪೇರಿ ಎಂದು ಬಸ್ಸು ನಿಂತಿತು. ಇನ್ನು ಸೈಕಲ್ಲೇ ಗತಿ ಎಂದು ಗಂಡನಿಂದ ಸೈಕಲ್ಲು ಕಲಿಯಲು ಶುರು ಮಾಡಿದಳು.

ಗಂಡನ ಸೈಕಲ್ಲು ಬ್ರೆಡ್ಡು ಸಾಗಿಸುವ ಹಳೇ ಗಾಡಿ. ಹ್ಯಾಂಡಲ್ಲಿನಲ್ಲಿ ಬ್ರೇಕಿಲ್ಲ. ಪೆಡಲ್ಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಗಂಡ ಹಿಡಿದುಕೊಂಡರೆ ಹತ್ತುವಳು, ತಳ್ಳಿಬಿಟ್ಟರೆ ಬಾಣದ ಹಾಗೆ ಹೋಗುವಳು. ನಿಲ್ಲಿಸುವುದು ಮಾತ್ರ ಬಾರದು.

"ಹಿಂದಕ್ಕೆ ತುಳಿಯೇ!"

"ಕಾಲು ಕೇಳ್ತಿಲ್ಲ ಕಣ್ರೀ!"

"ಕಾಲು ಯಾರ್ದು? ಪಕ್ಕದ ಮನೆಯವರ್ದಾ?"

ಇದೇ ಮಾತಿಗೆ ಜಗಳವಾಗಿ, ಒಂದು ದಿನ ಪಾಠ ಅಲ್ಲಿಗೇ ನಿಂತಿತ್ತು. ಬ್ರೆಡ್ಡಿನವನು ಊಟದ ಹೊತ್ತಿಗೆ ರಾಜಿಗೆ ಬಂದ, ಆದರೆ ಪಾಠ ಮುಂದುವರಿಯಲಿಲ್ಲ.

ಒಂದು ಬೆಳಿಗ್ಗೆ ಬ್ರೆಡ್ಡು ಕೊಳ್ಳಲು ಬಂದ ಹಾಲಿನವಳು ಸುದ್ದಿ ತಂದಳು. "ನಿಮ್ಮ ಕತ್ತರಿಯಮ್ಮ ಅಂಗಡಿ ಮುಚ್ತಿದ್ದಾರಂತಲ್ಲ? ಕಣ್ಣು ಮಂಜಾಗಿದೆಯಂತೆ. ಇವತ್ತು ಸಂಜೆ ರೈಲಿಗೆ ತಂಗಿ ಮನೆಗೆ ಹೊರಡ್ತಾರಂತೆ. ಬಲು ದೂರವಂತೆ, ಇನ್ನು ಈ ಕಡೆಗೆ ಬರೋಲ್ಲವಂತೆ."

ಸೂಜಿಯಕ್ಕ ಹೊಲಿಗೆಯ ಮಧ್ಯದಲ್ಲೇ ಎದ್ದಳು. ಮಷೀನಿನ ಸೂಜಿ ಬಟ್ಟೆಯೊಳಗೇ ಇತ್ತು.

"ರೀ, ಸೈಕಲ್ಲು ಹಿಡೀರಿ!"

"ನಿಲ್ಸೋಕೆ ಬರಲ್ವಲ್ಲೇ ನಿಂಗೆ!"

"ಹೋಗೋಕೆ ಬರುತ್ತಲ್ಲ, ಸಾಕು. ಹೋಗಿ ಮುಟ್ಟಿದ ಮೇಲೆ ನಿಲ್ಲೋ ವಿಚಾರ."

ಗಂಡ ತಲೆ ಚಚ್ಚಿಕೊಂಡು ಸೈಕಲ್ಲು ಹಿಡಿದ. ಹತ್ತಿದಳು. ತಳ್ಳುತ್ತ, ಓಡುತ್ತ, ಕೈಯೆಲ್ಲ ಹಿಟ್ಟಾಗಿದ್ದ ಅವನು ಕೂಗಿ ಹೇಳಿದ: "ಮಧ್ಯದಲ್ಲಿ ಎಲ್ಲೂ ನಿಲ್ಬೇಡ ಮಹಾರಾಯ್ತೀ! ನಿಂತ್ರೆ ಮತ್ತೆ ಹತ್ಸೋಕೆ ನಾನಿರಲ್ಲ!"

ಅದೇ ವಿಷಯ. ಹತ್ತಲೂ ಇನ್ನೊಬ್ಬರು ಬೇಕು, ಇಳಿಯಲೂ ಬಾರದು. ಮಧ್ಯೆ ಬಿದ್ದು ಕೈ ಮುರಿದುಕೊಂಡರೆ ದರ್ಜಿಯ ಬಾಳು ಅಲ್ಲಿಗೆ ಮುಗಿಯಿತು. ಹಾಗಾಗಿ ತುಳಿಯುವುದೊಂದೇ ಉಳಿದದ್ದು. ಅವಳು ತುಳಿದಳು. ಜಲ್ಲಿ ಚರಚರ ಎಂದಿತು, ನದಿ ಪಕ್ಕದಲ್ಲಿ ಆಕಳಿಸಿತು. ಒಂದು ಕೊಕ್ಕರೆ ಇವಳ ಜೊತೆ ಸ್ವಲ್ಪ ದೂರ ಹಾರಿ, ಆಮೇಲೆ ಸುಸ್ತಾಗಿ ಹ್ಯಾಂಡಲ್ಲಿನ ಮೇಲೇ ಕೂತು ಬಂತು.

ಮೊದಲು ಸಿಕ್ಕಿದ್ದು ದನದ ಗೇಟು. ಹುಲ್ಲುಗಾವಲಿನ ದನ ದಾಟದಿರಲಿ ಎಂದು ದಾರಿಗೆ ಅಡ್ಡ ಹಾಕಿದ್ದು. ಗೇಟಿನ ತಾತ ಕಲ್ಲಿನ ಮೇಲೆ ಕೂತು ತೂಕಡಿಸುತ್ತಿದ್ದ.

"ತಾತಾ, ಗೇಟು! ನಿಲ್ಲೋಕೆ ಬರಲ್ಲ!"

ತಾತ ಎಚ್ಚರವಾದವನೇ ಎದ್ದ. ಮಂಡಿನೋವೆಂದು ಹೆಜ್ಜೆ ಎಣಿಸಿ ನಡೆಯುತ್ತಿದ್ದವನು ಆ ದಿನ ಜಿಂಕೆಯಾದ. ಗೇಟು ತೆಗೆದ. ಅಷ್ಟೇ ಅಲ್ಲ, ಹೊಲದ ಅಡ್ಡದಾರಿ ಹಿಡಿದು ಓಡಿ ಮುಂದಿನ ಗೇಟನ್ನೂ ತೆಗೆದ, ಅದರ ಮುಂದಿನದನ್ನೂ ತೆಗೆದ. ಮೂರನೇ ಗೇಟಿನ ಹತ್ತಿರ ಸೂಜಿಯಕ್ಕ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ತಾತ ಹಿಂದಾಗಿಬಿಟ್ಟಿದ್ದ.

"ನಿಮ್ಮ ಹೊಟ್ಟೆ ತಣ್ಣಗಿರ್ಲಿ ತಾತಾ!" ಎಂದು ಗಾಳಿಗೆ ಕೂಗಿದಳು. ಗಾಳಿ ಹಿಂದಿನಿಂದ ಬೀಸುತ್ತಿತ್ತು, ತಲುಪಿತೋ ಇಲ್ಲವೋ.

ನದಿ ಬಾಗುವಲ್ಲಿ ಸೌತೆಕಾಯಿ ತೋಟ. ತೋಟದ ಹೆಂಗಸು ಇವಳ ಮುಖ ನೋಡಿ, "ಅಯ್ಯೋ, ಬಿಸಿಲಿಗೆ ಕಮರಿ ಹೋಗಿದ್ದೀಯಲ್ಲೇ ತಂಗೀ!" ಎಂದು ಸೈಕಲ್ಲಿನ ಪಕ್ಕಕ್ಕೇ ಓಡುತ್ತ, ಓಡುತ್ತಲೇ ಸೌತೆಕಾಯಿ ಸಿಪ್ಪೆ ತೆಗೆದು, ಉಪ್ಪು ಸವರಿ, ಬಾಯಿಗಿಟ್ಟಳು. ಸೂಜಿಯಕ್ಕನ ಬಾಯಿ ತುಂಬಿತು. ಆ ಹೆಂಗಸಿಗೂ ಏನೂ ಹೇಳಲಾಗಲಿಲ್ಲ. ಕೊಕ್ಕರೆಗೂ ಒಂದು ಹೋಳು ಸಿಕ್ಕಿತು.

ಅದಾದ ಮೇಲೆ ಪೇಟೆಯ ಸೈಕಲ್ಲಿನವರ ಗುಂಪು ಸಿಕ್ಕಿತು. ಇವಳು ಅವರನ್ನು ಸೀಳಿಕೊಂಡು ಮುಂದೆ ಹೋದಾಗ ಅವರು ಹೌಹಾರಿದರು. ಬ್ರೆಡ್ಡಿನ ಗಾಡಿ, ಅದರ ಮೇಲೊಂದು ಕೊಕ್ಕರೆ, ಹೆಂಗಸಿನ ಕೊರಳಲ್ಲಿ ಅಳತೆ ಟೇಪು ಬಾವುಟದ ಹಾಗೆ ಹಾರುತ್ತಿದೆ. ಹಳದಿ ಹೆಲ್ಮೆಟ್ಟಿನವನೊಬ್ಬ ಏದುಸಿರು ಬಿಡುತ್ತ ಪಕ್ಕಕ್ಕೆ ಬಂದ.

"ಅಮ್ಮಾ, ಯಾವ ರೇಸಿಗೆ ತಯಾರಿ ಮಾಡ್ತಿದ್ದೀರಿ?"

"ರೇಸೂ ಇಲ್ಲ, ಗೀಸೂ ಇಲ್ಲಪ್ಪ. ನಂಗೆ ಇಳಿಯೋಕೆ ಬರಲ್ಲ!"

"ಹಿಡ್ಕೊಳ್ಳಲಾ?"

"ಮುಟ್ಟಬೇಡ! ನಿಂತ್ರೆ ರೈಲು ತಪ್ಪುತ್ತೆ. ಒಬ್ರಿಗೆ ಒಂದು ಮಾತು ಹೇಳ್ಬೇಕು ನಾನು."

ಹಳದಿ ಹೆಲ್ಮೆಟ್ಟಿನವನು ಒಳ್ಳೆಯವನು. ಯಾರಿಗೆ, ಏನು ಮಾತು ಎಂದು ಕೇಳುತ್ತ ಕೂರಲಿಲ್ಲ. "ಹಾಗಾದ್ರೆ ಮುಂದೆ ದೋಣಿ ದಾಟಬೇಕು, ಗೊತ್ತಾ?" ಎಂದ.

ಗೊತ್ತಿರಲಿಲ್ಲ. ಬಸ್ಸಿನಲ್ಲಿ ಓಡಾಡಿದವಳಿಗೆ ಎಲ್ಲಿ ಗೊತ್ತಿರಬೇಕು? ಜಲ್ಲಿ ದಾರಿ ಅರ್ಧದಲ್ಲಿ ಈ ದಡ ಬಿಟ್ಟು ಆ ದಡ ಹಿಡಿಯುತ್ತದೆ, ಮಧ್ಯೆ ಅಗಲವಾದ ಹಲಗೆಯ ದೋಣಿಯೊಂದೇ ದಾರಿ. ಸೂಜಿಯಕ್ಕ ದೂರದ ನೀರಿನ ಕಡೆಗೇ ಕಣ್ಣಿಟ್ಟು ತುಳಿದಳು. ಇಷ್ಟು ದೂರ ಬಂದು ನೀರಿಗೆ ಬೀಳುವುದೇ? ಕತ್ತರಿಯಮ್ಮ ಅಲ್ಲಿ ಪೆಟ್ಟಿಗೆ ಕಟ್ಟಿ ಕೂತಿರುತ್ತಾರೆ. ಏನೂ ಗೊತ್ತಿಲ್ಲದೆ ತಾನು ಇಷ್ಟು ವರ್ಷ ಅವರ ಕತ್ತರಿಯಲ್ಲಿ ಉಂಡೆ. ಅವರು ಹಾಗೇ ಹೊರಟುಹೋದರೆ ಆ ಕತ್ತರಿಯನ್ನು ಇನ್ನು ಯಾವ ಮುಖ ಹೊತ್ತು ಹಿಡಿಯಲಿ?

ಹಳದಿ ಹೆಲ್ಮೆಟ್ಟಿನವನು ಅಷ್ಟರಲ್ಲಿ ಮುಂದಕ್ಕೆ ಹಾರಿಹೋಗಿ ದೋಣಿಯವನಿಗೆ ಕೂಗಿ ಹೇಳಿದ್ದ. ದೋಣಿಯವನು ಹಲಗೆ ಇಳಿಜಾರಾಗಿ ಹಾಕಿ, ಕೋಳಿಬುಟ್ಟಿಗಳನ್ನೆಲ್ಲ ಮೂಲೆಗೆ ತಳ್ಳಿ, ನಡುವೆ ಜಾಗ ಮಾಡಿದ್ದ.

"ಬಾ ತಂಗೀ, ಬಾ! ಮೇಲೆ ಬಂದು ಸುತ್ತು ಹಾಕ್ತಾ ಇರು. ನೇರ ಮಾತ್ರ ಹೋಗ್ಬೇಡ!"

ಸೂಜಿಯಕ್ಕ ಧಡಧಡ ಎಂದು ಹಲಗೆ ಹತ್ತಿ ದೋಣಿಯ ಮೇಲೆ ಸುತ್ತತೊಡಗಿದಳು. ಅವಳು ಸುತ್ತಿದ ಹಾಗೆ ದೋಣಿಯೂ ಬುಗುರಿಯಂತೆ ತಿರುಗತೊಡಗಿತು. ದೋಣಿಯವನಿಗೆ ಹುಟ್ಟು ಹಾಕುವ ಕೆಲಸವೇ ಬೀಳಲಿಲ್ಲ. ದೋಣಿ ತನ್ನಷ್ಟಕ್ಕೆ ತಿರುಗುತ್ತ ತಿರುಗುತ್ತ ಆ ದಡ ಮುಟ್ಟಿತು. ಕೋಳಿಗಳಿಗೆ ತಲೆ ತಿರುಗಿ ಮೂರು ದಿನ ಬರೀ ಗೋಲಾಕಾರದ ಮೊಟ್ಟೆ ಇಟ್ಟವಂತೆ. ಕೊಕ್ಕರೆ ಮಾತ್ರ ಇನ್ನು ಸಾಕು ಎಂದು ಅಲ್ಲೇ ಇಳಿದುಕೊಂಡಿತು.

"ಅಣ್ಣಾ, ನಿಮ್ಮ ಉಪಕಾರ..."

"ಮಾತು ಆಮೇಲೆ, ಮೊದಲು ಹಲಗೆ ನೋಡ್ಕೊಂಡು ಇಳಿ!"

ಇಳಿದದ್ದೂ ಆಯಿತು, ದಾರಿ ಹಿಡಿದದ್ದೂ ಆಯಿತು. ದೋಣಿಯವನೂ ಹಿಂದಾದ. ಅವಳ ಹೊಟ್ಟೆಯಲ್ಲಿ ಹೇಳದೆ ಉಳಿದ ಮಾತುಗಳು ಹೊಲಿಗೆ ಮಷೀನಿನ ಬಾಬಿನ್ನಿನ ದಾರದ ಹಾಗೆ ಸುತ್ತಿಕೊಳ್ಳುತ್ತ ದಪ್ಪವಾಗುತ್ತಿದ್ದವು.

ಬಿಸಿಲು ಇಳಿಯುವ ಹೊತ್ತಿಗೆ ಕೆಳಗಿನ ಪೇಟೆ ಬಂತು. ಕತ್ತರಿಯಮ್ಮನ ಅಂಗಡಿಯ ಬೀದಿಗೆ ತಿರುಗಿದಳು. ಷಟರು ಎಳೆದಿತ್ತು. ಬೀಗ.

ಸೂಜಿಯಕ್ಕ ತುಳಿಯುವುದು ಬಿಟ್ಟಳು. ಸೈಕಲ್ಲು ವಾಲಿತು. ಎದುರಿನ ಕ್ಷೌರದಂಗಡಿಯವನು ಸೋಪು ಹಚ್ಚಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಹೊರಗೆ ಬಂದು ಬ್ರಷ್ಷು ಬೀಸಿದ.

"ಸ್ಟೇಷನ್ನಿಗೆ ಹೋದ್ರು! ಈಗಷ್ಟೇ! ತುಳಿಯಕ್ಕಾ, ತುಳಿ!"

ಸ್ಟೇಷನ್ನಿನ ಮುಂದಿನ ಅಂಗಳ ಅಗಲವಾಗಿತ್ತು. ಅದರಾಚೆ ಪ್ಲಾಟ್‌ಫಾರ್ಮು. ರೈಲು ಬಂದು ನಿಂತಿತ್ತು. ಕತ್ತರಿಯಮ್ಮ ಅಂಗಳದಲ್ಲೇ ಪೆಟ್ಟಿಗೆಯ ಮೇಲೆ ಕೂತಿದ್ದರು, ಕೂಲಿಯವನಿಗಾಗಿ ಕಾಯುತ್ತ. ಸೂಜಿಯಕ್ಕ ಅವರನ್ನು ನೋಡಿದಳು, ನೋಡಿ ಹಾದುಹೋದಳು. ನಿಲ್ಲಲು ಬರಬೇಕಲ್ಲ! ಅಂಗಳದ ತುದಿಗೆ ಹೋಗಿ ತಿರುಗಿ ಬಂದಳು.

"ಅಮ್ಮಾ!"

"ಯಾರೇ ಅದು?" ಮಂಜುಗಣ್ಣು ಕಿರಿದು ಮಾಡಿ ನೋಡಿದರು ಕತ್ತರಿಯಮ್ಮ. ಇವಳು ಮತ್ತೆ ಹಾದುಹೋದಳು.

ಎರಡನೇ ಸುತ್ತು. "ನಾನಮ್ಮಾ, ಎಡಗೈಯವಳು! ಆ ಕತ್ತರಿ..."

ಮೂರನೇ ಸುತ್ತು. "...ಕಾರ್ಖಾನೆಯಿಂದ ಬಂದಿದ್ದಲ್ಲ!"

"ಕಾರ್ಖಾನೆಯಿಂದ್ಲೇ ಬಂದಿದ್ದು!" ಕತ್ತರಿಯಮ್ಮ ಗದರಿದರು. ಆದರೆ ಆ ಹೊತ್ತಿಗೆ ಇವಳು ದೂರ ಹೋಗಿಯಾಗಿತ್ತು.

"ಸುಳ್ಳು! ಸಾಣೆಯವನು ಎಲ್ಲಾ ಹೇಳ್ದ!"

"ಅವನ ಬಾಯಿಗಿಷ್ಟು ಹೊಲಿಗೆ ಹಾಕ!"

ಅಂಗಳದಲ್ಲಿ ಜನ ಸೇರಿತು. ರೈಲಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಗಾರ್ಡು ಹಸಿರು ಬಾವುಟ ಎತ್ತಿದವನು ಎತ್ತಿದ ಕೈಯನ್ನು ಹಾಗೇ ಕೆಳಗಿಳಿಸಿದ. "ತಡೀರಪ್ಪ, ಕತ್ತರಿದು ಏನಂತ ಗೊತ್ತಾಗ್ಲಿ," ಎಂದ. ಎಂಜಿನ್ನಿನವನೂ ಇಳಿದು ಬಂದು ನಿಂತ. ಪ್ರತಿ ಸುತ್ತಿಗೆ ಒಂದೊಂದು ತುಂಡು ಮಾತು ಬರುತ್ತಿತ್ತು, ಮುಂದಿನ ಸುತ್ತು ಬರುವವರೆಗೆ ಜನ ಉಸಿರು ಹಿಡಿದು ಕಾಯುತ್ತಿದ್ದರು. ಎಲ್ಲರೂ ಅಟ್ಟಿದ್ದು, ಇವರೊಬ್ಬರೇ ಒಳಗೆ ಕರೆದದ್ದು. ಕಮ್ಮಾರನ ಎದುರು ಕೂತು ಮಾಡಿಸಿದ್ದು. ಹೇಳಬೇಡ ಎಂದದ್ದು. ತಾನು ಉಂಡ ಒಂದೊಂದು ತುತ್ತಿನಲ್ಲೂ ಆ ಕತ್ತರಿ ಇದ್ದದ್ದು.

"ಸಾಕು ನಿಲ್ಲೇ!" ಎಂದರು ಕತ್ತರಿಯಮ್ಮ. "ನಿನ್ನ ಕಡೆ ತಿರುಗಿ ತಿರುಗಿ ನನ್ನ ಕತ್ತು ಉಳುಕ್ತು. ಇಳಿದು ಬಂದು ಹೇಳು."

"ಇಳಿಯೋಕೆ ಬರಲ್ಲಮ್ಮಾ!"

"ಹಿಂದಕ್ಕೆ ತುಳಿದ್ರೆ ನಿಲ್ಲುತ್ತೆ!" ಎಂದು ಹಳದಿ ಹೆಲ್ಮೆಟ್ಟಿನವನು ಜನರ ನಡುವಿನಿಂದ ಕೂಗಿದ. ಅವನೂ ಬಂದು ಮುಟ್ಟಿದ್ದ, ಬೆವರಿನಲ್ಲಿ ತೊಯ್ದು.

"ಹಿಂದಕ್ಕೆ ಹೇಗೆ ತುಳೀಲಿ? ಮಷೀನು ಹಿಂದಕ್ಕೆ ತುಳಿದ್ರೆ ದಾರ ತುಂಡಾಗುತ್ತೆ ಅಂತ ನನ್ನ ಮೊಣಕಾಲಿಗೆ ಸ್ಕೇಲಲ್ಲಿ ಹೊಡೆದಿದ್ದು ಇವರೇ! ಅಲ್ಲಿಂದ ಇಲ್ಲಿವರೆಗೆ ಒಂದು ಸಲಾನೂ ಹಿಂದಕ್ಕೆ ತುಳಿದಿಲ್ಲ ನಾನು!"

ಕತ್ತರಿಯಮ್ಮ ಪೆಟ್ಟಿಗೆಯ ಮೇಲೆ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಇದ್ರಲ್ಲಿ ದಾರ ಎಲ್ಲಿದೆಯೇ ಪೆದ್ದೀ? ತುಳಿ ಹಿಂದಕ್ಕೆ. ನಾನೇ ಹೇಳ್ತಿದ್ದೀನಿ, ತುಳಿ!"

ಅಷ್ಟೇ ಬೇಕಿತ್ತು. ಕಾಲಿಗೆ ಅಪ್ಪಣೆ ಸಿಕ್ಕಿತು. ಸೈಕಲ್ಲು ಕಿರ್ರ್ ಎಂದು ನಿಂತಿತು, ಸೂಜಿಯಕ್ಕ ಜಾರಿ ಬಂದು ಕತ್ತರಿಯಮ್ಮನ ಪೆಟ್ಟಿಗೆಯ ಪಕ್ಕಕ್ಕೆ ಕುಕ್ಕರಿಸಿದಳು. ಇದ್ದ ಮಾತೆಲ್ಲ ಸುತ್ತು ಹಾಕುವಾಗಲೇ ಖರ್ಚಾಗಿಹೋಗಿತ್ತು. ಸುಮ್ಮನೆ ಅತ್ತಳು.

ಕತ್ತರಿಯಮ್ಮ ಅವಳ ಎಡಗೈ ತೆಗೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹೆಬ್ಬೆರಳ ಬುಡದಲ್ಲಿ ಕತ್ತರಿ ಹಿಡಿದು ಹಿಡಿದು ಗಟ್ಟಿಯಾದ ಚರ್ಮವನ್ನು ಮೆಲ್ಲಗೆ ಸವರಿದರು.

"ನೀನೊಬ್ಳೇ ಹೇಳ್ಕೊಂಡ್ರೆ ಹೇಗೆ? ನನ್ನ ಮಾತೂ ಕೇಳು. ನನ್ನಂಗ್ಡೀಲಿ ಇದ್ದಿದ್ದು ಒಂದೇ ಕಿಟಕಿ, ಒಂದೇ ಮೇಜು. ನಿನಗಿಂತ ಮೊದಲು ಎಷ್ಟು ಹುಡುಗೀರು ಬಂದ್ರು, ಯಾರೂ ನಿಲ್ಲಲಿಲ್ಲ. ಎದುರುಬದುರು ಕೂತ್ರೆ ಒಬ್ಬರ ಬೆಳಕಿಗೆ ಇನ್ನೊಬ್ಬರು ಅಡ್ಡ. ಪಕ್ಕ ಕೂತ್ರೆ ಮೊಣಕೈಗೆ ಮೊಣಕೈ ಬಡಿದು ದಿನಾ ಜಗಳ. ನೀನು ಬಂದೆ. ನಂದು ಬಲಗೈ, ನಿಂದು ಎಡಗೈ. ಪಕ್ಕಪಕ್ಕ ಕೂತ್ವಿ, ಒಂದು ದಿನಾನೂ ಮೊಣಕೈ ತಾಗ್ಲಿಲ್ಲ. ಒಬ್ಬಂಟಿ ಹೆಂಗಸಿಗೆ ಅಷ್ಟು ವರ್ಷ ಪಕ್ಕದಲ್ಲಿ ಒಬ್ಳು ಕೂತು ಮಾತಾಡಿದ್ಲು ಅಂದ್ರೆ ಆ ಕತ್ತರಿ ಯಾರಿಗೋಸ್ಕರ ಮಾಡ್ಸಿದ್ದೂಂತೀಯ? ನನಗೋಸ್ಕರ ಕಣೇ. ಹೇಳ್ಬೇಕಾದವ್ಳು ನಾನು. ನಾನೂ ನಾಳೆ ನಾಡಿದ್ದು ಅಂತಾನೇ ಕಾಲ ಕಳೆದೆ."

ಗಾರ್ಡು ಹಸಿರು ಬಾವುಟದಲ್ಲೇ ಮೂಗು ಒರೆಸಿಕೊಂಡ. ಅದನ್ನು ಎಂಜಿನ್ನಿನವನು ಹೊರಡುವ ಸನ್ನೆ ಎಂದುಕೊಂಡು ಓಡಿಹೋಗಿ ಸೀಟಿ ಊದಿದ. ಹಳದಿ ಹೆಲ್ಮೆಟ್ಟಿನವನು ಪೆಟ್ಟಿಗೆ ಎತ್ತಿಕೊಂಡು ಓಡಿದ, ಸೂಜಿಯಕ್ಕ ಕತ್ತರಿಯಮ್ಮನನ್ನು ಮೆಟ್ಟಿಲು ಹತ್ತಿಸಿದಳು. ಬಾಗಿಲಲ್ಲಿ ನಿಂತ ಕತ್ತರಿಯಮ್ಮ, "ಕಾಜಾ ಇನ್ನೂ ಸಡಿಲ ಹಾಕ್ತಿದ್ದೀಯೇನೇ?" ಎಂದು ಗದರುತ್ತಲೇ ದೂರವಾದರು. ಸೂಜಿಯಕ್ಕ ಅಳುತ್ತ, ನಗುತ್ತ, ಎಡಗೈ ಬೀಸುತ್ತ ನಿಂತಳು. ಎದೆ ಹತ್ತಿಯಷ್ಟು ಹಗುರವಾಗಿತ್ತು.

ಆ ರಾತ್ರಿ ಕ್ಷೌರದಂಗಡಿಯವನ ಮನೆಯಲ್ಲಿ ಉಳಿದಳು. ಬೆಳಿಗ್ಗೆ ಹಳದಿ ಹೆಲ್ಮೆಟ್ಟಿನವನು ಬಂದು ಸೈಕಲ್ಲು ಹಿಡಿದುಕೊಂಡ, ಹತ್ತಿದಳು. ಈಗ ನಿಲ್ಲಿಸಲು ಬರುತ್ತದಲ್ಲ! ನಿನ್ನೆ ಹಿಂದೆ ಬಿಟ್ಟು ಬಂದವರಿಗೆಲ್ಲ ಮುಖ ನೋಡಿ ಹೇಳಿಯೇ ಮನೆಗೆ ಹೋಗುವುದು ಎಂದುಕೊಂಡಳು.

ದೋಣಿಯವನ ಹತ್ತಿರ ಹಿಂದಕ್ಕೆ ತುಳಿದು ನಿಂತಳು. "ಅಣ್ಣಾ, ನಿನ್ನೆ ನಿಮ್ಮಿಂದ ಬದುಕಿದೆ," ಎಂದಳು. ಅವನು ನಾಚಿಕೊಂಡು ಕೋಳಿ ನೋಡಿದ. ಎಲ್ಲ ಸರಿ, ಆದರೆ ಮತ್ತೆ ಹತ್ತಬೇಕಲ್ಲ? ಆ ದಡಕ್ಕೆ ದಾಟಿಸಿ ಅವನೇ ಸೈಕಲ್ಲು ಹಿಡಿದು ತಳ್ಳಿಕೊಟ್ಟ. ನಾಲ್ಕು ತುಳಿತ ತುಳಿದ ಮೇಲೆ ನೆನಪಾಯಿತು: ಅಯ್ಯೋ, ಹತ್ತಿಸಿದ್ದಕ್ಕೆ ಏನೂ ಹೇಳಲಿಲ್ಲವಲ್ಲ! ಹಿಂದಕ್ಕೆ ತುಳಿದಳು, ನಿಂತಳು, ತಳ್ಳಿಕೊಂಡು ವಾಪಸ್ಸು ಹೋಗಿ ಹೇಳಿದಳು. ಹೇಳಿದ ಮೇಲೆ ಅವನು ಮತ್ತೆ ಹತ್ತಿಸಿದ. ಈಗ ಈ ಹತ್ತಿಸಿದ್ದಕ್ಕೆ?

ಸೌತೆಕಾಯಿ ತೋಟದಲ್ಲೂ ಇದೇ ಕಥೆ, ಗೇಟಿನ ತಾತನ ಹತ್ತಿರವೂ ಇದೇ ಕಥೆ. ಒಂದು ಉಪಕಾರ ತೀರಿತು ಎನ್ನುವಷ್ಟರಲ್ಲಿ ಇನ್ನೊಂದು ಬೆನ್ನಿಗೆ ಕೂರುತ್ತಿತ್ತು. ಮನೆ ಮುಟ್ಟಿದಾಗ ಗಂಡ ಬಿಸಿ ಬ್ರೆಡ್ಡು ಹಿಡಿದು ಬಾಗಿಲಲ್ಲೇ ನಿಂತಿದ್ದ. ನಡೆದದ್ದನ್ನೆಲ್ಲ ಕೇಳಿ, "ಹಾಗಾದ್ರೆ ಅವರೆಲ್ಲ ಕಡೇ ಸಲ ತಳ್ಳಿದ್ದಕ್ಕೆ ನೀನಿನ್ನೂ ಏನೂ ಹೇಳಿಲ್ಲ?" ಎಂದ.

"ಇಲ್ಲ ಕಣ್ರೀ."

"ಸರಿ ಬಿಡು, ಆದಿತ್ಯವಾರ ಹೋಗಿ ಹೇಳ್ಬಾ," ಎಂದು ಅವಳ ಬೆವರು ಒರೆಸಿದ. ಮುಖಕ್ಕೆಲ್ಲ ಹಿಟ್ಟಾಯಿತು.

ಇವತ್ತಿಗೂ ರಜೆ ಬಂದರೆ ಸೂಜಿಯಕ್ಕ ಆ ಜಲ್ಲಿ ದಾರಿಯಲ್ಲಿರುತ್ತಾಳೆ. ಬುಟ್ಟಿಯಲ್ಲಿ ಬ್ರೆಡ್ಡು, ಒಬ್ಬೊಬ್ಬರಿಗೂ ಹೊಲಿದಿಟ್ಟ ಏನಾದರೊಂದು. ಒಬ್ಬಳೇ ಹತ್ತಲು ಕಲಿತುಬಿಡು ಎಂದು ಪೇಟೆಯವರು ಎಷ್ಟೋ ಸಲ ಹೇಳಿದ್ದಾರೆ. "ಕಲಿತ್ರೆ ಯಾರ ಹತ್ರ ನಿಲ್ಲೋದು?" ಎನ್ನುತ್ತಾಳೆ.

ಕೇಳಿದ್ದಾಯಿತಲ್ಲ? ಮೀಸೆ ಇದ್ದಲ್ಲೇ ಇದೆ, ನಿಮ್ಮ ಟೀ ಲೋಟವೂ ಶುದ್ಧವಾಗಿದೆ. ಇನ್ನು ಸುಮ್ಮನೆ ಕೂರಬೇಡಿ, ಏಳಿ. ಅಲ್ಲಿ ಮರಕ್ಕೆ ಒರಗಿಸಿದೆಯಲ್ಲ, ಅದು ನನ್ನ ಸೈಕಲ್ಲು. ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ಸೀಟಿಗೆ, ಭದ್ರವಾಗಿ ಹಿಡಿದುಕೊಳ್ಳಿ. ನಾನು ಹತ್ತುತ್ತೇನೆ. ತಳ್ಳುವಾಗ ಸ್ವಲ್ಪ ಜೋರಾಗಿಯೇ ತಳ್ಳಿ.